ಡಬ್ಬದ ಮೇಲಿನ ಲೀಟರ್ ನಂಬಬೇಡಿ: ದೊಡ್ಡ ಮೀನಿನ ಟ್ಯಾಂಕಿಗೆ ಫಿಲ್ಟರ್ ಆರಿಸುವ ಬಗೆ

ಒಂದು ಭಾನುವಾರ ಬೆಳಗ್ಗೆ ಗೆಳೆಯನ ಫೋನ್ ಬಂತು. ಕನಕಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಅವನ ಮನೆ. ಆರಡಿ ಟ್ಯಾಂಕ್ ಇಟ್ಟು ಮೂರು ವಾರ ಆಗಿತ್ತು. "ನೀರು ಕನ್ನಡಿ ಹಾಗಿದೆ ಕಣೋ. ಆದ್ರೆ ಆಸ್ಕರ್ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ. ಫಿಲ್ಟರ್ 4000 ಲೀಟರ್‌ದು ಹಾಕಿದೀನಿ. ಇನ್ನೇನ್ ಮಾಡ್ಲಿ?"

ಹೋಗಿ ನೋಡಿದೆ. ನೀರು ನಿಜಕ್ಕೂ ಕನ್ನಡಿಯೇ. ಟ್ಯಾಂಕಿನ ಆಚೆಗಿದ್ದ ಗೋಡೆಯ ಮೊಳೆ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಜೇಬಿನಲ್ಲಿದ್ದ ಟೆಸ್ಟ್ ಕಿಟ್ ತೆಗೆದು, ಗಾಜಿನ ಟ್ಯೂಬಿಗೆ ನೀರು ತುಂಬಿ ಹನಿ ಹಾಕಿದೆ. ಹಳದಿಯಾಗಿ ಉಳಿಯಬೇಕಿದ್ದ ನೀರು ಐದು ನಿಮಿಷದಲ್ಲಿ ಕಡು ಹಸಿರಾಯಿತು. ಅಮೋನಿಯಾ. ಕನ್ನಡಿಯಂಥ ನೀರಿನಲ್ಲಿ ಮೀನುಗಳ ಕಿವಿರು ಸುಡುತ್ತಿತ್ತು.

ದೊಡ್ಡ ಟ್ಯಾಂಕ್ ಇಡುವವರು ಎಡವುವುದು ಬಹುತೇಕ ಇಲ್ಲೇ. ಫಿಲ್ಟರ್ ಅಂದರೆ ನೀರನ್ನು ಸೋಸುವ ಯಂತ್ರ, ಟೀ ಸೋಸುವ ಜಾಲರಿಯ ದೊಡ್ಡಣ್ಣ ಅಂದುಕೊಂಡಿರುತ್ತೇವೆ. ಸೋಸುವುದು ಅದರ ಚಿಕ್ಕ ಕೆಲಸ. ದೊಡ್ಡ ಕೆಲಸ ಮಾಡುವುದು ಒಳಗೆ ಮನೆ ಮಾಡಿಕೊಂಡಿರುವ ಸೂಕ್ಷ್ಮಜೀವಿಗಳು. ಆ ಜೀವಿಗಳಿಗೆ ಕೂರಲು ಜಾಗ ಬೇಕು, ತಿನ್ನಲು ಅಮೋನಿಯಾ ಬೇಕು, ಉಸಿರಾಡಲು ಆಮ್ಲಜನಕ ಬೇಕು. ಇವನ್ನು ದಿನದ 24 ಗಂಟೆಯೂ ಕೊಡುವ ಡಬ್ಬ ಯಾವುದು ಅನ್ನುವುದೇ ಫಿಲ್ಟರ್ ಆಯ್ಕೆಯ ಪ್ರಶ್ನೆ. ಜೊತೆಗೆ ಇನ್ನೊಂದು ಪ್ರಶ್ನೆ ಇದೆ, ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ: ಅದನ್ನು ತೊಳೆಯುವವರು ಯಾರು?

ಊಟದಿಂದ ಲೆಕ್ಕ ಶುರು ಮಾಡಿ

"ಎಷ್ಟು ಲೀಟರ್ ಟ್ಯಾಂಕ್?" ಇದು ಅಂಗಡಿಯವರ ಮೊದಲ ಪ್ರಶ್ನೆ. ನನ್ನ ಮೊದಲ ಪ್ರಶ್ನೆ ಬೇರೆ. ದಿನಕ್ಕೆ ಎಷ್ಟು ಗ್ರಾಂ ಊಟ ಹಾಕುತ್ತೀರಿ?

ಗೆಳೆಯನಿಗೆ ಗೊತ್ತಿರಲಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ತರಿಸಿದೆವು. ಅವನು ದಿನಕ್ಕೆ ಎರಡು ಸಲ ಹಾಕುವ ಹಿಡಿ ಪೆಲೆಟ್‌ಗಳನ್ನು ತೂಗಿದರೆ ಎರಡೂ ಸೇರಿ 20 ಗ್ರಾಂ. ಅಂಗೈ ಉದ್ದದ ಆರು ಆಸ್ಕರ್‌ಗಳಿಗೆ ಅದು ಮದುವೆ ಮನೆ ಊಟ.

ಈ ಪೆಲೆಟ್‌ಗಳಲ್ಲಿ ಸುಮಾರು 40 ಶೇಕಡಾ ಪ್ರೋಟೀನ್ ಇರುತ್ತದೆ. ಪ್ರೋಟೀನ್ ಅಂದರೆ ಸಾರಜನಕ. ಮೀನು ತಿಂದದ್ದರಲ್ಲಿ ಸ್ವಲ್ಪವನ್ನು ಮೈಗೆ ಹಾಕಿಕೊಂಡು, ಉಳಿದದ್ದನ್ನು ಅಮೋನಿಯಾ ಮಾಡಿ ಹೊರಗೆ ಬಿಡುತ್ತದೆ. ಮಲದಲ್ಲಿ ಬರುವುದಕ್ಕಿಂತ ಕಿವಿರಿನಿಂದ ನೇರವಾಗಿ ನೀರಿಗೆ ಸೇರುವುದೇ ಜಾಸ್ತಿ. ಹಾಗಾಗಿ ತಳದಲ್ಲಿ ಒಂದು ಚೂರು ಗಲೀಜು ಕಾಣದಿದ್ದರೂ ಅಮೋನಿಯಾ ಏರುತ್ತಲೇ ಇರುತ್ತದೆ.

ಮೀನು ಸಾಕಣೆಯವರು ಬಳಸುವ ಒಂದು ಸರಳ ಸೂತ್ರವಿದೆ. ಊಟದ ತೂಕವನ್ನು ಪ್ರೋಟೀನ್ ಪಾಲಿನಿಂದ ಗುಣಿಸಿ, ಮತ್ತೆ 0.092ರಿಂದ ಗುಣಿಸಿದರೆ ನೀರಿಗೆ ಸೇರುವ ಅಮೋನಿಯಾ ಸಾರಜನಕ ಸಿಗುತ್ತದೆ. ನಮ್ಮ 20 ಗ್ರಾಂಗೆ ಅದು ಸುಮಾರು 0.74 ಗ್ರಾಂ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್ ಲೆಕ್ಕಕ್ಕೆ 680 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಖಾಲಿ ಜಾಗ ಕಳೆದರೆ ನಿಜವಾದ ನೀರು 600 ಲೀಟರ್. ಅಂದರೆ ಫಿಲ್ಟರ್ ಕೆಲಸ ಮಾಡದಿದ್ದರೆ ಒಂದೇ ದಿನದಲ್ಲಿ ಲೀಟರಿಗೆ 1.2 ಮಿಲಿಗ್ರಾಂ ಅಮೋನಿಯಾ.

ಇದರಲ್ಲಿ ಎಷ್ಟು ವಿಷ ಅನ್ನುವುದನ್ನು ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ, ತೀರ್ಮಾನಿಸುತ್ತದೆ. ನೀರು 25 ಡಿಗ್ರಿ ಇದ್ದು ಪಿಎಚ್ 7 ಇದ್ದರೆ, ಅಮೋನಿಯಾದ ಅರ್ಧ ಶೇಕಡಾದಷ್ಟು ಮಾತ್ರ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದೇ 5 ಶೇಕಡಾ. ಹತ್ತು ಪಟ್ಟು! ಬೆಂಗಳೂರಿನ ಹೊರವಲಯದ ಬೋರ್ ನೀರು ಗಡಸು, ಪಿಎಚ್ 8ರ ಹತ್ತಿರ ಇರುವುದು ಸಾಮಾನ್ಯ. ಗೆಳೆಯನ ಮನೆಯದೂ ಅದೇ. ಅಲ್ಲಿ ಒಂದು ದಿನದ ಅಮೋನಿಯಾ ಸಾಕು, ವಿಷದ ಪಾಲು ಲೀಟರಿಗೆ 0.06 ಮಿಲಿಗ್ರಾಂ ಮುಟ್ಟುತ್ತದೆ. 0.05 ದಾಟಿದರೆ ಕಿವಿರಿಗೆ ಪೆಟ್ಟು. ಅಂದರೆ ಒಂದೇ ಫಿಲ್ಟರ್, ಅವೇ ಮೀನು, ಅಷ್ಟೇ ಊಟ ಇದ್ದರೂ ಬೋರ್ ನೀರಿನ ಮನೆಯಲ್ಲಿ ತಪ್ಪಿಗೆ ಜಾಗ ಕಮ್ಮಿ.

ಒಳಗೆ ಕೂತಿರುವವರು ಯಾರು?

ಹಳೆಯ ಪುಸ್ತಕಗಳಲ್ಲಿ ಕಥೆ ಸರಳವಾಗಿತ್ತು. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ, ಮೂರನೆಯದು ಅಷ್ಟು ಕೆಟ್ಟದ್ದಲ್ಲ. ಈ ಸರಪಳಿ ಈಗಲೂ ಸರಿಯೇ. ಕೆಲಸಗಾರರ ಪಟ್ಟಿ ಮಾತ್ರ ಬದಲಾಗಿದೆ. 2011ರಲ್ಲಿ ಮನೆ, ಅಂಗಡಿಗಳ ಸಿಹಿನೀರಿನ ಫಿಲ್ಟರ್‌ಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ, ಅಮೋನಿಯಾ ತಿನ್ನುವವರಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾವೇ ಅಲ್ಲ, ಆರ್ಕಿಯಾ ಎಂಬ ಬೇರೆಯದೇ ಕುಲದ ಜೀವಿಗಳು ಅಂತ ಗೊತ್ತಾಯಿತು. 2015ರಲ್ಲಿ ಇನ್ನೊಂದು ಅಚ್ಚರಿ. ಅಮೋನಿಯಾದಿಂದ ನೈಟ್ರೇಟ್‌ವರೆಗಿನ ಕೆಲಸವನ್ನು ಒಂಟಿಯಾಗಿ ಮುಗಿಸುವ ನೈಟ್ರೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅದು ಸಿಕ್ಕ ಜಾಗಗಳಲ್ಲಿ ಒಂದು, ಮೀನು ಸಾಕುವ ಘಟಕದ ಫಿಲ್ಟರ್!

ಇದರಿಂದ ನಮಗೇನು? ಇವು ನಿಧಾನವಾಗಿ ಬೆಳೆಯುವ ಜೀವಿಗಳು. ಹಾಲಿಗೆ ಹೆಪ್ಪು ಹಾಕಿದ ಹಾಗೆ ರಾತ್ರಿ ಕಳೆದು ಬೆಳಗಾಗುವುದರೊಳಗೆ ಆಗುವುದಿಲ್ಲ. ಹೊಸ ಫಿಲ್ಟರ್ ಪೂರ್ತಿ ಕೆಲಸಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ಗೆಳೆಯನ 4000 ಲೀಟರ್ ಫಿಲ್ಟರಿಗೆ ಮೂರು ವಾರ ಆಗಿತ್ತು ಅಷ್ಟೆ. ಕೊಂಡ ದಿನವೇ ಆರೂ ಮೀನು ಒಳಗೆ. ಮನೆ ಕಟ್ಟಿದ್ದ, ಒಕ್ಕಲು ಬಂದಿರಲಿಲ್ಲ. ಹೆಪ್ಪಿನ ಉಪಾಯ ಮಾತ್ರ ಇಲ್ಲೂ ನಡೆಯುತ್ತದೆ: ಆರೋಗ್ಯವಾದ ಹಳೇ ಟ್ಯಾಂಕಿನ ಸ್ಪಾಂಜ್ ತಂದು ಹೊಸ ಫಿಲ್ಟರಿನೊಳಗೆ ಇಟ್ಟರೆ ವಾರಗಳು ಉಳಿಯುತ್ತವೆ.

ಇನ್ನು ಉಸಿರು. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.6 ಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ನಮ್ಮ 0.74 ಗ್ರಾಂಗೆ ದಿನಕ್ಕೆ 3.4 ಗ್ರಾಂ. ಸಣ್ಣ ಸಂಖ್ಯೆ ಅನ್ನಿಸುತ್ತದೆ ಅಲ್ವಾ? ಈಗ ನೀರಿನಲ್ಲಿ ಎಷ್ಟಿದೆ ನೋಡಿ. ಸಮುದ್ರಮಟ್ಟದಲ್ಲಿ 25 ಡಿಗ್ರಿ ನೀರು ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಇಲ್ಲಿ 7.4 ಅಷ್ಟೆ. ಮಂಗಳೂರಿನ ಟ್ಯಾಂಕಿಗಿಂತ ಹತ್ತು ಶೇಕಡಾ ಕಮ್ಮಿ. 600 ಲೀಟರಿಗೆ ಒಟ್ಟು 4.4 ಗ್ರಾಂ. ಮೀನುಗಳು ಉಸಿರಾಡುವ ಮೊದಲೇ, ಫಿಲ್ಟರಿನ ಜೀವಿಗಳು ದಿನಕ್ಕೆ ಇಡೀ ಟ್ಯಾಂಕಿನ ಮುಕ್ಕಾಲು ಪಾಲು ಆಮ್ಲಜನಕ ತಿಂದುಬಿಡುತ್ತವೆ. ಅದು ಮೇಲ್ಮೈಯಿಂದ ಮತ್ತೆ ಮತ್ತೆ ತುಂಬಿಕೊಳ್ಳುತ್ತಾ ಇರಬೇಕು.

ಅದಕ್ಕೇ ನೀರಿನ ಮೇಲ್ಮೈ ಕಲಕದ ಫಿಲ್ಟರ್ ಎಷ್ಟೇ ದುಬಾರಿಯದಾದರೂ ಅರ್ಧ ಫಿಲ್ಟರ್. ಹೊರಗೆ ಬರುವ ನೀರಿನ ಬಾಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ, ಮೇಲೆ ಅಲೆ ಏಳುವ ಹಾಗೆ ಮಾಡಿದರೆ ಖರ್ಚಿಲ್ಲದೆ ಅರ್ಧ ಸಮಸ್ಯೆ ಹೋಗುತ್ತದೆ.

ಡಬ್ಬದ ಮೇಲಿನ ಸಂಖ್ಯೆ

"4000 ಎಲ್‌ಪಿಎಚ್" ಅಂದರೆ ಗಂಟೆಗೆ 4000 ಲೀಟರ್. ಇದು ಪಂಪಿನ ಮುಂದೆ ಏನೂ ಅಡ್ಡ ಇಲ್ಲದಾಗಿನ ಸಂಖ್ಯೆ. ಪೈಪಿಲ್ಲ, ಸ್ಪಾಂಜಿಲ್ಲ, ಎತ್ತರವಿಲ್ಲ. ಅದೇ ಡಬ್ಬದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಗರಿಷ್ಠ ಎತ್ತರ 3 ಮೀಟರ್" ಅಂತ ಇರುತ್ತದೆ. ಆ 3 ಮೀಟರಿನಲ್ಲಿ ಪಂಪ್ ಕೊಡುವ ನೀರು ಸೊನ್ನೆ. ಅಂದರೆ ನೀವು ಒಂದೂವರೆ ಮೀಟರ್ ಎತ್ತಿಸಿದರೆ ಸಿಗುವುದು ಹೆಚ್ಚುಕಮ್ಮಿ ಅರ್ಧ. ಎಲ್ಬೋಗಳು, ಸಣ್ಣ ಪೈಪ್ ಸೇರಿದರೆ ಇನ್ನೂ ಇಳಿಯುತ್ತದೆ. ಕ್ಯಾನಿಸ್ಟರಿಗೆ, ಅಂದರೆ ಟ್ಯಾಂಕಿನ ಕೆಳಗಿಡುವ ಮುಚ್ಚಿದ ಡಬ್ಬದ ಫಿಲ್ಟರಿಗೆ, ಎತ್ತರದ ಕಾಟವಿಲ್ಲ. ಅಲ್ಲಿ ಹೋಗುವ ನೀರು, ಬರುವ ನೀರು ಒಂದನ್ನೊಂದು ತೂಗಿಸಿಕೊಳ್ಳುತ್ತವೆ. ಆದರೆ ಒಳಗೆ ತುಂಬಿದ ಸ್ಪಾಂಜ್, ಜೀವಿಗಳು ಕೂರಲು ಹಾಕುವ ರಿಂಗ್‌ಗಳು ತಡೆಯುತ್ತವೆ. ಎರಡು ತಿಂಗಳು ತೊಳೆಯದಿದ್ದರೆ ಕೇಳುವುದೇ ಬೇಡ.

ನಿಜ ತಿಳಿಯಲು ಬಕೆಟ್ ಸಾಕು. ಹೊರಬರುವ ಪೈಪನ್ನು, ಅದು ಇರುವ ಎತ್ತರದಲ್ಲೇ, 20 ಲೀಟರ್ ಬಕೆಟಿಗೆ ತಿರುಗಿಸಿ. ಮೊಬೈಲಿನಲ್ಲಿ ಸಮಯ ನೋಡಿ. 30 ಸೆಕೆಂಡಿಗೆ ತುಂಬಿದರೆ ಗಂಟೆಗೆ 2400 ಲೀಟರ್. 600 ಲೀಟರ್ ಟ್ಯಾಂಕಿಗೆ ಗಂಟೆಗೆ ನಾಲ್ಕು ಸುತ್ತು. ಆಸ್ಕರ್, ಗೋಲ್ಡ್‌ಫಿಶ್‌ನಂಥ ಗಲೀಜು ಮಾಡುವ ಮೀನಿಗೆ ನಾನು ನೋಡುವುದು ನಿಜವಾದ ನಾಲ್ಕರಿಂದ ಆರು ಸುತ್ತು. ಇದು ಕಲ್ಲಿನ ಮೇಲೆ ಕೆತ್ತಿದ ನಿಯಮವಲ್ಲ. ನಮ್ಮ ಪಶ್ಚಿಮಘಟ್ಟದ ಮಿಸ್ ಕೇರಳ ಮೀನು ಹರಿಯುವ ತಿಳಿನೀರಿನದು, ಅದಕ್ಕೆ ಜಾಸ್ತಿ ಓಟ ಕೊಟ್ಟರೆ ಖುಷಿ. ಏಂಜಲ್ ಮೀನಿಗೆ ಅದೇ ಓಟ ಕೊಟ್ಟರೆ ಗಾಳಿಗೆ ಸಿಕ್ಕ ಪಟದ ಹಾಗೆ ಒದ್ದಾಡುತ್ತದೆ.

ಟಾಪ್ ಫಿಲ್ಟರ್, ಸ್ಪಾಂಜ್ ಮತ್ತು ಇತರೆ

ಟ್ಯಾಂಕಿನ ಬೆನ್ನಿಗೆ ನೇತು ಹಾಕುವ ಫಿಲ್ಟರ್ ಎರಡಡಿ, ಮೂರಡಿ ಟ್ಯಾಂಕಿಗೆ ಒಳ್ಳೆಯದು. ಆರಡಿಗೆ ಅದು ಸಾಲದು, ಮುಂದೆ ಹೋಗೋಣ. ಮರಳಿನ ಕೆಳಗೆ ಪ್ಲಾಸ್ಟಿಕ್ ತಟ್ಟೆ ಹಾಸುವ ಹಳೇ ಪದ್ಧತಿಯೂ ಅಷ್ಟೇ. ಆಸ್ಕರ್ ಮರಳು ಅಗೆದು ತಟ್ಟೆ ಬಯಲು ಮಾಡುತ್ತದೆ.

ಟಾಪ್ ಫಿಲ್ಟರ್ ಬಗ್ಗೆ ನನಗೆ ಮೃದು ಮನಸ್ಸಿದೆ. ಟ್ಯಾಂಕಿನ ಮೇಲೆ ಕೂರುವ ಉದ್ದನೆಯ ಪ್ಲಾಸ್ಟಿಕ್ ತೊಟ್ಟಿ. ಪಂಪ್ ನೀರನ್ನು ಅದಕ್ಕೆ ಎತ್ತುತ್ತದೆ, ಅದು ಸ್ಪಾಂಜಿನ ಮೂಲಕ ಇಳಿದು ಜಳಜಳ ಅಂತ ಕೆಳಗೆ ಬೀಳುತ್ತದೆ. ನೋಡಲು ಚೆಂದವಿಲ್ಲ, ಸದ್ದೂ ಇದೆ. ಆದರೆ ಅಗ್ಗ, ಗಾಳಿ ಚೆನ್ನಾಗಿ ಬೆರೆಯುತ್ತದೆ, ಮುಚ್ಚಳ ತೆಗೆದು ಎರಡು ನಿಮಿಷದಲ್ಲಿ ಮೇಲಿನ ಹತ್ತಿ ಬದಲಿಸಬಹುದು. ಮುಂದಿನ ವಾರ ತೊಳೆದರಾಯಿತು ಅನ್ನುವ ಸೋಮಾರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆ ಪಟ್ಟಿಯಲ್ಲಿ ನಾನೂ ಇದ್ದೇನೆ.

ಸ್ಪಾಂಜ್ ಫಿಲ್ಟರ್ ಅಂದರೆ ಸುಮ್ನೆ ಒಂದು ಸ್ಪಾಂಜ್, ಒಳಗೊಂದು ಕೊಳವೆ, ಹೊರಗೊಂದು ಏರ್ ಪಂಪ್. ಗುಳ್ಳೆಗಳು ಮೇಲೇಳುವಾಗ ನೀರನ್ನು ಸ್ಪಾಂಜಿನ ಮೂಲಕ ಎಳೆಯುತ್ತವೆ. ಮೀನು ಮರಿ ಮಾಡಿಸುವವರ ಮನೆಯಲ್ಲಿ ಇದೇ ಇರುತ್ತದೆ. ದೊಡ್ಡ ಟ್ಯಾಂಕಿಗೆ ಇದೊಂದೇ ಸಾಲದು, ಆದರೆ ಎರಡನೆಯ ಫಿಲ್ಟರಾಗಿ ಇದು ಮನೆಯ ಹಿರಿಯರಿದ್ದ ಹಾಗೆ. ಸದ್ದಿಲ್ಲದೆ ಕೂತಿರುತ್ತದೆ, ಆಪತ್ತಿಗೆ ಆಗುತ್ತದೆ.

ಕ್ಯಾನಿಸ್ಟರ್

ಸ್ಟ್ಯಾಂಡಿನ ಕೆಳಗೆ ಅಡಗಿ ಕೂರುವ ಮುಚ್ಚಿದ ಡಬ್ಬ. ಒಂದು ಪೈಪಿನಲ್ಲಿ ನೀರು ಇಳಿಯುತ್ತದೆ, ತಟ್ಟೆಗಳ ಮೂಲಕ ಹಾಯುತ್ತದೆ, ಇನ್ನೊಂದರಲ್ಲಿ ಮೇಲೆ ಹೋಗುತ್ತದೆ. ಸದ್ದಿಲ್ಲ. ಗಾಜು ಕೊರೆಯಬೇಕಾಗಿಲ್ಲ. ಬಾಡಿಗೆ ಮನೆಯಲ್ಲಿರುವವರಿಗೆ, ಈಗಾಗಲೇ ಟ್ಯಾಂಕ್ ತುಂಬಿಸಿಬಿಟ್ಟವರಿಗೆ ಇದೇ ಸರಿ.

ಇದರ ದೌರ್ಬಲ್ಯ ಎರಡು. ಒಂದು, ಒಳಗೆ ಕೊಳೆ ಕಾಣುವುದಿಲ್ಲ. ಕಾಣದ್ದನ್ನು ನಾವು ತೊಳೆಯುವುದಿಲ್ಲ. ಪೈಪ್ ಬಿಚ್ಚಬೇಕು, ಡಬ್ಬವನ್ನು ಬಚ್ಚಲಿಗೆ ಹೊರಬೇಕು, ಕ್ಲಿಪ್ ತೆಗೆಯಬೇಕು. ಮೊದಲ ತಿಂಗಳು ಹುರುಪಿನಲ್ಲಿ ಮಾಡುತ್ತೇವೆ. ಆರನೇ ತಿಂಗಳಿಗೆ ಡಬ್ಬದೊಳಗೆ ಒಂದು ಪುಟ್ಟ ಚರಂಡಿ ತಯಾರಾಗಿರುತ್ತದೆ. ಮುಚ್ಚಳದ ರಬ್ಬರ್ ರಿಂಗಿಗೆ ಆಗಾಗ ಸಿಲಿಕೋನ್ ಗ್ರೀಸ್ ಸವರದಿದ್ದರೆ ಅಲ್ಲಿಂದಲೇ ಸೋರಲು ಶುರು.

ಎರಡನೆಯದು ಕರೆಂಟ್. ಡಬ್ಬದಲ್ಲಿರುವ 10 ಲೀಟರ್ ನೀರಿನಲ್ಲಿ ಇರುವ ಆಮ್ಲಜನಕ 0.07 ಗ್ರಾಂ ಅಷ್ಟೆ. ಪಂಪ್ ನಿಂತರೆ ಹೊಸ ನೀರಿಲ್ಲ. ಸಿಕ್ಕಿಕೊಂಡ ಗಲೀಜು ಕೊಳೆಯುತ್ತಾ ಇದ್ದಬದ್ದ ಉಸಿರನ್ನು ಬೇಗ ಮುಗಿಸುತ್ತದೆ. ಅರ್ಧ ಗಂಟೆ ಕರೆಂಟ್ ಹೋದರೆ ಚಿಂತೆಯಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟು ರಾತ್ರಿಯಿಡೀ ಹೋದರೆ, ಬೆಳಗ್ಗೆ ಕರೆಂಟ್ ಬಂದ ಕೂಡಲೇ ಆ ಡಬ್ಬದ ಕೊಳೆತ ನೀರು ನೇರ ಟ್ಯಾಂಕಿಗೆ ಹೋಗುತ್ತದೆ. ಐದಾರು ಗಂಟೆ ನಿಂತ ಕ್ಯಾನಿಸ್ಟರನ್ನು ಬಿಚ್ಚಿ, ಮೂಸಿ ನೋಡಿ. ಕೊಳೆತ ಮೊಟ್ಟೆ ವಾಸನೆ ಬಂದರೆ ತೊಳೆಯದೆ ಹಾಕಬೇಡಿ.

ಒಂದು ದೊಡ್ಡ ಕ್ಯಾನಿಸ್ಟರ್ ಬದಲು ಎರಡು ಮಧ್ಯಮ ಗಾತ್ರದವು ತೆಗೆದುಕೊಳ್ಳಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಕೆಟ್ಟರೆ ಇನ್ನೊಂದಿದೆ. ಒಂದನ್ನು ತೊಳೆದಾಗ ಇನ್ನೊಂದರ ಜೀವಿಗಳು ಹಾಗೇ ಇರುತ್ತವೆ.

ಸಂಪ್

ಗೇಟಿನ ಪಕ್ಕ ನೆಲದೊಳಗಿರುವ ಸಂಪು ಅಲ್ಲ, ಆದರೆ ಯೋಚನೆ ಅದೇ. ಟ್ಯಾಂಕಿನ ಕೆಳಗೆ ಇನ್ನೊಂದು ಚಿಕ್ಕ ಗಾಜಿನ ಟ್ಯಾಂಕ್. ಮೇಲಿನ ನೀರು ತುಂಬಿ ಅಂಚು ದಾಟಿ ಪೈಪಿನಲ್ಲಿ ಕೆಳಗಿಳಿಯುತ್ತದೆ. ಕೋಣೆಗಳ ಮೂಲಕ ಹಾಯ್ದು, ಕೊನೆಯ ಕೋಣೆಯ ಪಂಪಿನಿಂದ ಮೇಲೆ ಹೋಗುತ್ತದೆ. ಎಲ್ಲವೂ ಕಣ್ಣೆದುರಿಗೇ. ಮೇಲಿನ ಹತ್ತಿ ಕೊಳೆಯಾದರೆ ಕಾಫಿ ಕುದಿಯುವುದರೊಳಗೆ ಬದಲಿಸಬಹುದು. ನೀರು ಬೀಳುವಾಗ ಗಾಳಿ ತಾನಾಗಿ ಬೆರೆಯುತ್ತದೆ. ಹೀಟರ್, ಯುವಿ ಲ್ಯಾಂಪ್ ಎಲ್ಲ ಅಲ್ಲೇ ಅಡಗಿಸಬಹುದು. ಆವಿಯಾಗಿ ನೀರು ಇಳಿದರೂ ಸಂಪಿನಲ್ಲಿ ಇಳಿಯುತ್ತದೆ, ಮೇಲಿನ ಟ್ಯಾಂಕ್ ಸದಾ ತುಂಬಿರುತ್ತದೆ.

ಆರಡಿ ಟ್ಯಾಂಕನ್ನು ಹೊಸದಾಗಿ ಮಾಡಿಸುವವರಿಗೆ ನಾನು ಸಂಪ್ ಅನ್ನೇ ಹೇಳುತ್ತೇನೆ. ಆದರೆ ಲೆಕ್ಕ ತಪ್ಪಿದರೆ ಹಾಲ್ ಕೆರೆಯಾಗುತ್ತದೆ. ನನ್ನ ಮನೆಯಲ್ಲೇ ಆಗಿದೆ.

ಮೊದಲ ಸಂಪ್ ಕಟ್ಟಿಸಿದ ರಾತ್ರಿ. ಎಲ್ಲ ಚೆನ್ನಾಗಿತ್ತು, ಮಲಗಿದೆವು. ಎರಡು ಗಂಟೆಗೆ ಕರೆಂಟ್ ಹೋಯಿತು. ಪಂಪ್ ನಿಂತಿತು. ಮೇಲಿನ ನೀರು ಅಂಚಿನ ಮಟ್ಟಕ್ಕೆ ಬರುವವರೆಗೆ ಇಳಿಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಮೇಲೆ ನೀರು ಹಾಕುವ ಪೈಪಿನ ಬಾಯಿ ನೀರಿನೊಳಗೆ ಒಂದು ಗೇಣು ಮುಳುಗಿತ್ತು. ಅದು ಸೈಫನ್ ಆಗಿ ಉಲ್ಟಾ ಎಳೆಯಿತು. ಬೆಳಗ್ಗೆ ಎದ್ದಿದ್ದು ಕೆಳಗಿನ ಮನೆಯ ಆಂಟಿ ಬೆಲ್ ಒತ್ತಿದಾಗ. ಅವರ ಸೀಲಿಂಗಿನಲ್ಲಿ ಕಂದು ಬಣ್ಣದ ನಕ್ಷೆ ಮೂಡಿತ್ತು.

ಲೆಕ್ಕ ಸುಲಭ, ನಾನು ಹಾಕಿರಲಿಲ್ಲ ಅಷ್ಟೆ. ಆರಡಿಗೆ ಎರಡಡಿ ಮೇಲ್ಮೈಯಲ್ಲಿ ಒಂದು ಸೆಂಟಿಮೀಟರ್ ನೀರು ಅಂದರೆ 11 ಲೀಟರ್. ಮೂರು ಸೆಂಟಿಮೀಟರ್ ಇಳಿದರೆ 33 ಲೀಟರ್. ಗೇಣು ಅಂದರೆ ಸುಮಾರು 20 ಸೆಂಟಿಮೀಟರ್, 220 ಲೀಟರ್! ಹಾಗಾಗಿ ವಾಪಸ್ ಪೈಪಿನ ಬಾಯಿ ನೀರಿನ ಮಟ್ಟದಿಂದ ಒಂದೆರಡು ಸೆಂಟಿಮೀಟರ್ ಕೆಳಗಷ್ಟೇ ಇರಬೇಕು. ಮಟ್ಟದ ಸ್ವಲ್ಪ ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಹೊಡೆದರೆ ಅಲ್ಲಿಂದ ಗಾಳಿ ಒಳಹೋಗಿ ಸೈಫನ್ ಮುರಿಯುತ್ತದೆ. ಪಾಚಿ ಕಟ್ಟಿಕೊಂಡು ಆ ತೂತು ಮುಚ್ಚದಂತೆ ಆಗಾಗ ಕಡ್ಡಿ ಆಡಿಸಿ. ನೀರು ಹಿಂದೆ ಬರದಂತೆ ತಡೆಯುವ ವಾಲ್ವ್ ಹಾಕಿಸಿದ್ದೇನೆ ಅನ್ನುವವರಿದ್ದಾರೆ. ಅದರಲ್ಲಿ ಒಂದು ಬಸವನಹುಳು ಸಿಕ್ಕಿಕೊಂಡರೆ ಮುಗಿಯಿತು.

ಎದುರು ದಿಕ್ಕಿನ ಅಪಾಯವೂ ಇದೆ. ಇಳಿಯುವ ಪೈಪ್ ಎಲೆಯಿಂದ ಕಟ್ಟಿಕೊಂಡರೆ, ಪಂಪ್ ಮಾತ್ರ ಮೇಲೆ ಎತ್ತುತ್ತಲೇ ಇರುತ್ತದೆ. ಆಗ ಮೇಲಿನ ಟ್ಯಾಂಕ್ ಉಕ್ಕುತ್ತದೆ. ಇದಕ್ಕೆ ಎರಡು ಉಪಾಯ. ಇಳಿಯಲು ಒಂದಲ್ಲ, ಎರಡು ಪೈಪ್ ಹಾಕಿ. ಎರಡನೆಯದು ಸ್ವಲ್ಪ ಎತ್ತರದಲ್ಲಿ ಖಾಲಿ ಇರಲಿ, ಒಂದೂವರೆ ಇಂಚಿನದಿರಲಿ. ಇನ್ನೊಂದು, ಪಂಪ್ ಇರುವ ಕೋಣೆಯನ್ನು ಚಿಕ್ಕದಾಗಿ ಮಾಡಿಸಿ. ಮೇಲೆ 33 ಲೀಟರಿಗೆ ಜಾಗ ಇದ್ದರೆ ಆ ಕೋಣೆಯಲ್ಲಿ ಪಂಪ್ ಎಳೆಯಬಹುದಾದ ನೀರು 25 ಲೀಟರ್ ದಾಟಬಾರದು. ಮೇಲೆ ಉಕ್ಕುವ ಮೊದಲೇ ಪಂಪಿಗೆ ನೀರು ಮುಗಿದು ಗರ್ ಅಂತ ಸದ್ದು ಮಾಡುತ್ತದೆ. ಆ ಸದ್ದೇ ಅಲಾರಂ.

ಕಟ್ಟಿಸಿದ ಮೇಲೆ ನೆಂಟರು ಬಂದ ದಿನವಲ್ಲ, ಬಿಡುವಾದ ಒಂದು ಮಧ್ಯಾಹ್ನ ಸ್ವಿಚ್ ಆಫ್ ಮಾಡಿ ಪಕ್ಕದಲ್ಲೇ ನಿಂತು ನೋಡಿ. ಸಂಪಿನಲ್ಲಿ ನೀರು ಏರಿ ನಿಂತ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಗಾಜಿಗೆ ತೂತು ಹಾಕಿಸುವ ಮೊದಲು ಅದು ಟಫನ್ ಗಾಜಾ ಅಂತ ಕೇಳಿ. ಟಫನ್ ಗಾಜಿಗೆ ಡ್ರಿಲ್ ತಾಗಿದರೆ ಪೂರ್ತಿ ಪುಡಿ.

ತೂಕದ ಮಾತು ಒಂದು. 12 ಮಿಲಿಮೀಟರ್ ಗಾಜಿನ ಆರಡಿ ಟ್ಯಾಂಕ್, ನೀರು, ಸ್ಟ್ಯಾಂಡ್, ಸಂಪ್ ಸೇರಿದರೆ ಹತ್ತಿರ ಹತ್ತಿರ ಒಂದು ಟನ್. ಮನೆಯ ನೆಲಕ್ಕೆ ನಮ್ಮ ದೇಶದ ಮಾನದಂಡ ಇಟ್ಟುಕೊಳ್ಳುವ ಭಾರ ಚದರ ಮೀಟರಿಗೆ 200 ಕೆ.ಜಿ. ಟ್ಯಾಂಕ್ ನಿಲ್ಲುವುದು ಒಂದು ಚದರ ಮೀಟರ್ ಚಿಲ್ಲರೆ ಜಾಗದಲ್ಲಿ. ಮೇಲಿನ ಮಹಡಿಯವರು ಫಿಲ್ಟರ್ ಯೋಚಿಸುವ ಮೊದಲು ಎಂಜಿನಿಯರನ್ನು ಕೇಳಿ.

ಒಳಗೆ ಏನು ತುಂಬಬೇಕು?

ಇಲ್ಲಿ ದುಡ್ಡು ಸುಮ್ನೆ ಹೋಗುತ್ತದೆ. ಲೀಟರಿಗೆ ಇಷ್ಟು ಸಾವಿರ ಚದರ ಅಡಿ ಜಾಗ ಅಂತ ಬೊಗಳೆ ಬಿಡುವ ರಿಂಗ್‌ಗಳಿವೆ. ಆ ಜಾಗದಲ್ಲಿ ಬಹುಪಾಲು ಎಷ್ಟು ಸಣ್ಣ ತೂತುಗಳೆಂದರೆ, ಕೆಲವೇ ತಿಂಗಳಲ್ಲಿ ಕೊಳೆ ಮುಚ್ಚಿಬಿಡುತ್ತದೆ. ನಮ್ಮ 20 ಗ್ರಾಂ ಊಟಕ್ಕೆ ನನ್ನ ಅಂದಾಜಿನಲ್ಲಿ 10ರಿಂದ 15 ಲೀಟರ್ ಒಳ್ಳೆಯ ಒರಟು ಸ್ಪಾಂಜ್ ಧಾರಾಳ. ಸಣ್ಣ ತೂತಿನದು ಬೇಗ ಕಟ್ಟಿಕೊಳ್ಳುತ್ತದೆ, ಒರಟಿನದು ವರ್ಷಗಟ್ಟಲೆ ಬಾಳುತ್ತದೆ.

ಅಗ್ಗದ ದಾರಿಯೂ ಇದೆ. ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಸ್ಕ್ರಬ್ಬರ್. ಸ್ಟೀಲಿನದಲ್ಲ, ಸೋಪು ಹಚ್ಚಿದ್ದಲ್ಲ. ಒಂದು ಡಜನ್ ತಂದು ತೊಳೆದು ಸಂಪಿನ ಕೋಣೆಗೆ ತುಂಬಿ. ಜೀವಿಗಳಿಗೆ ಬೆಲೆಪಟ್ಟಿ ಓದಲು ಬರುವುದಿಲ್ಲ.

ಕ್ರಮ ಮಾತ್ರ ಮುಖ್ಯ. ನೀರು ಮೊದಲು ಗಲೀಜು ಹಿಡಿಯುವ ಸ್ಪಾಂಜ್ ಅಥವಾ ಹತ್ತಿ ದಾಟಿ, ಆಮೇಲೆ ಜೀವಿಗಳ ಮನೆಗೆ ಬರಬೇಕು. ಉಲ್ಟಾ ಆದರೆ ಮನೆಯೇ ಕಸದ ತೊಟ್ಟಿ. ಕಾರ್ಬನ್, ಅಂದರೆ ಫಿಲ್ಟರಿಗೆ ಹಾಕುವ ಇದ್ದಿಲು, ದಿನಾ ಬೇಡ. ಔಷಧಿ ಹಾಕಿದ ಮೇಲೆ ಅದನ್ನು ತೆಗೆಯಲು, ಮರದ ತುಂಡಿನಿಂದ ಬಂದ ಕಂದು ಬಣ್ಣ ಹೋಗಿಸಲು ಸಾಕು. ಯುವಿ ಹಸಿರು ನೀರಿಗೆ ಒಳ್ಳೆಯದು, ಅಮೋನಿಯಾಗೆ ಅದರಿಂದ ಏನೂ ಆಗದು.

ಕರೆಂಟ್ ಮತ್ತು ನಲ್ಲಿ

40 ವ್ಯಾಟ್ ಪಂಪ್ ದಿನವಿಡೀ ಓಡಿದರೆ ತಿಂಗಳಿಗೆ 29 ಯೂನಿಟ್. ಗೃಹಜ್ಯೋತಿ ಲೆಕ್ಕದಲ್ಲಿರುವ ಮನೆಗೆ ಇದು ಸಣ್ಣದಲ್ಲ, ಶೂನ್ಯ ಬಿಲ್ಲಿನ ಗಡಿ ದಾಟಿಸಬಲ್ಲದು. ಕೊಳ್ಳುವಾಗ ಲೀಟರ್ ಜೊತೆ ವ್ಯಾಟ್ ಕೂಡ ನೋಡಿ.

ಯುಪಿಎಸ್ ಇದ್ದರೆ ಮೊದಲು ಏರ್ ಪಂಪನ್ನು ಆ ಲೈನಿಗೆ ಹಾಕಿ. ಐದು ವ್ಯಾಟ್ ತಿನ್ನುವ ಏರ್ ಪಂಪಿನಿಂದ ಸ್ಪಾಂಜ್ ಫಿಲ್ಟರ್ ರಾತ್ರಿಯಿಡೀ ನಡೆಯುತ್ತದೆ. ದೊಡ್ಡ ಪಂಪನ್ನೂ ಹಾಕುವುದಾದರೆ ಸೈನ್ ವೇವ್ ಯುಪಿಎಸ್ ಬೇಕು. ಸ್ಕ್ವೇರ್ ವೇವ್‌ನಲ್ಲಿ ಮೋಟರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಪ್ಲಗ್ಗಿಗೆ ಹೋಗುವ ವೈರ್ ಮೊದಲು ಸಾಕೆಟ್‌ಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರಲಿ. ವೈರಿನ ಗುಂಟ ಹರಿದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ.

ನಲ್ಲಿ ನೀರಿನ ವಿಷಯ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮ್ಮ ಹೊಟ್ಟೆಗೆ ಒಳ್ಳೆಯದು, ಫಿಲ್ಟರಿನ ಒಕ್ಕಲಿಗೆ ಮೃತ್ಯು. ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ಫಳಫಳ ತೊಳೆಯುವುದು ಅಂದರೆ ನಾಲ್ಕು ವಾರದ ಬೆಳೆಗೆ ಬೆಂಕಿ ಇಟ್ಟ ಹಾಗೆ. ಟ್ಯಾಂಕಿನಿಂದ ತೆಗೆದ ನೀರು ಬಕೆಟಿನಲ್ಲಿರುತ್ತದಲ್ಲ, ಅದರಲ್ಲೇ ಎರಡು ಸಲ ಹಿಂಡಿ. ಕಂದು ಬಣ್ಣ ಪೂರ್ತಿ ಹೋಗಬೇಕಾಗಿಲ್ಲ. ಎಲ್ಲ ಸ್ಪಾಂಜುಗಳನ್ನೂ ಒಂದೇ ದಿನ ತೊಳೆಯಬೇಡಿ.

ಫಿಲ್ಟರ್ ಎಷ್ಟೇ ದೊಡ್ಡದಾದರೂ ನೀರು ಬದಲಿಸುವುದು ತಪ್ಪುವುದಿಲ್ಲ. ಜೀವಿಗಳು ಅಮೋನಿಯಾವನ್ನು ನೈಟ್ರೇಟ್ ಮಾಡಿ ಅಲ್ಲಿಗೇ ಕೈ ತೊಳೆದುಕೊಳ್ಳುತ್ತವೆ. ನಮ್ಮ 20 ಗ್ರಾಂ ಊಟದಿಂದ 600 ಲೀಟರಿನಲ್ಲಿ ದಿನಕ್ಕೆ ಲೀಟರಿಗೆ 5.4 ಮಿಲಿಗ್ರಾಂ, ವಾರಕ್ಕೆ 38 ಮಿಲಿಗ್ರಾಂ ನೈಟ್ರೇಟ್. ವಾರಕ್ಕೆ ಅರ್ಧ ನೀರು ಬದಲಿಸಿದರೂ ಹಳೆಯ ಉಳಿಕೆ ಸೇರುತ್ತಾ ಹೋಗಿ, ಕೆಲವು ವಾರ ಕಳೆದ ಮೇಲೆ ಅದು ಪ್ರತಿ ವಾರದ ಕೊನೆಗೆ 76ರ ಹತ್ತಿರ ಬಂದು ನಿಲ್ಲುತ್ತದೆ. ಊಟ ಅರ್ಧ ಮಾಡಿದರೆ 38. ಕುಡಿಯುವ ನೀರಿಗೇ ನಮ್ಮಲ್ಲಿ 45 ಮಿಲಿಗ್ರಾಂ ಮಿತಿ ಇದೆ. ಕೆಲವು ಕಡೆ ಬೋರ್ ನೀರೇ ಆ ಮಿತಿ ದಾಟಿರುತ್ತದೆ. ಅಂಥಲ್ಲಿ ಯಾವ ಫಿಲ್ಟರ್ ಕೊಂಡರೂ ಮೊದಲು ನಲ್ಲಿ ನೀರನ್ನು ಟೆಸ್ಟ್ ಮಾಡಿ.

ಗೆಳೆಯನ ಟ್ಯಾಂಕ್

ಆ ಭಾನುವಾರ ನಾವು ಹೊಸ ಫಿಲ್ಟರ್ ಕೊಳ್ಳಲಿಲ್ಲ. ಅರ್ಧ ನೀರು ಬದಲಿಸಿದೆವು. ಎರಡು ದಿನ ಊಟ ಬಂದ್. ಗಾಳಿಯ ಗುಳ್ಳೆ ಬಿಡುವ ಏರ್ ಸ್ಟೋನ್ ಎರಡು ಹಾಕಿದೆವು. ನನ್ನ ಮನೆಯ ಸಂಪಿನಿಂದ ಕಂದು ಬಣ್ಣದ ಸ್ಪಾಂಜ್ ತುಂಡೊಂದನ್ನು ಒದ್ದೆ ಕವರಿನಲ್ಲಿ ತಂದು ಅವನ ಕ್ಯಾನಿಸ್ಟರಿನ ಮೊದಲ ತಟ್ಟೆಗೆ ತುರುಕಿದೆ. ಅವನ ಹೆಂಡತಿ ಮೂಗು ಮುಚ್ಚಿಕೊಂಡು ನೋಡುತ್ತಿದ್ದರು. ಆಮೇಲೆ ಮೂರು ವಾರ ದಿನ ಬಿಟ್ಟು ದಿನ ನೀರು ಬದಲಿಸಿ ಟೆಸ್ಟ್ ಮಾಡಿದ. ಹಸಿರು ಕ್ರಮೇಣ ಹಳದಿಗೆ ಇಳಿಯಿತು.

ಅವನ ಟ್ಯಾಂಕ್ ತುಂಬಿ ನಿಂತಿತ್ತು, ಹಿಂದಿನ ಗಾಜು ಟಫನ್. ಸಂಪಿನ ಮಾತೇ ಇಲ್ಲ. ಹಾಗಾಗಿ ಹಳೆಯದರ ಜೊತೆ ಇನ್ನೊಂದು ಕ್ಯಾನಿಸ್ಟರ್ ತೆಗೆದುಕೊಂಡ. ಮೂಲೆಯಲ್ಲಿ ತೆಂಗಿನಕಾಯಿ ಗಾತ್ರದ ಸ್ಪಾಂಜ್ ಫಿಲ್ಟರ್, ಅದರ ಏರ್ ಪಂಪ್ ಯುಪಿಎಸ್ ಲೈನಿಗೆ. ಆಸ್ಕರ್ ಆರರಿಂದ ಮೂರಕ್ಕೆ ಇಳಿದವು. ಉಳಿದ ಮೂರು ಅವನ ಭಾವನ ಮನೆ ಸೇರಿದವು. ಊಟ ಈಗ 10 ಗ್ರಾಂ.

ಮೊನ್ನೆ ಹೋಗಿದ್ದಾಗ ಅವನ ಅಡುಗೆಮನೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಗ್ಯಾಸ್ ಬುಕ್ ಮಾಡಿದ ತಾರೀಖಿನ ಪಕ್ಕದಲ್ಲಿ, ಒಂದನೇ ತಾರೀಖಿಗೆ "ಎಡ", ಹದಿನೈದಕ್ಕೆ "ಬಲ" ಅಂತ ಪೆನ್ಸಿಲಿನಲ್ಲಿ ಬರೆದಿತ್ತು. ಏನಿದು ಅಂತ ಕೇಳಿದೆ. ಯಾವ ತಾರೀಖಿಗೆ ಯಾವ ಕ್ಯಾನಿಸ್ಟರ್ ತೊಳೆಯೋದು ಅಂತ, ಅಂದ. ಈ ತಿಂಗಳ "ಎಡ"ದ ಮೇಲೆ ಟಿಕ್ ಬಿದ್ದಿತ್ತು. "ಬಲ" ಇನ್ನೂ ಬಾಕಿ, ತಾರೀಖು ಹದಿನೇಳು ಆಗಿತ್ತು.